ಸಮುದ್ರವಿಲ್ಲದ ಊರಿನ ಮರಳು

ಮೈಸೂರಿನವರಿಗೆ ಸಮುದ್ರ ದೂರ. ಘಟ್ಟ ಇಳಿಯಬೇಕು, ಒಂದು ರಾತ್ರಿಯಾದರೂ ಉಳಿಯಬೇಕು, ಅದಕ್ಕೂ ಮೊದಲು ಮನೆಮಂದಿಯನ್ನೆಲ್ಲ ಒಪ್ಪಿಸಬೇಕು. ಅಷ್ಟು ಉಸಾಬರಿ ಬೇಡವೆನ್ನುವವರು ಬೇಸಿಗೆಯ ಭಾನುವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ತಿ. ನರಸೀಪುರದ ರಸ್ತೆ ಹಿಡಿದು, ಸುಮಾರು 45 ಕಿ.ಮೀ. ದೂರದ ತಲಕಾಡಿಗೆ ಹೋಗಿ, ಸಮುದ್ರದ ಆಸೆಯನ್ನು ಕಾವೇರಿಯಲ್ಲಿ ತೀರಿಸಿಕೊಂಡು ಬರುತ್ತಾರೆ. ಕಣ್ಣು ಹಾಯುವಷ್ಟು ಮರಳು, ಮೊಣಕಾಲುದ್ದದ ನೀರು, ತೆಪ್ಪದ ವಿಹಾರ, ದಡದಲ್ಲಿ ಹುರಿದ ಮೀನಿನ ಘಮ. ಉಪ್ಪೊಂದನ್ನು ಬಿಟ್ಟರೆ ಕಡಲತೀರಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಹುಡುಗರು ಇದನ್ನು ‘ಮಿನಿ ಗೋವಾ’ ಎಂದು ಕರೆಯುತ್ತಾರೆ. ಗಂಗರ ರಾಜಧಾನಿಯಾಗಿದ್ದ, ಚೋಳರ ಕಾಲದಲ್ಲಿ ರಾಜರಾಜಪುರವೆನಿಸಿಕೊಂಡ, ಗೆದ್ದುಕೊಂಡದ್ದಕ್ಕಾಗಿ ಹೊಯ್ಸಳ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದನ್ನೇ ಕೊಟ್ಟ ಊರಿಗೆ ಈ ಕಾಲದಲ್ಲಿ ಸಂದ ಬಿರುದು ಇಷ್ಟೇ.

ಇಷ್ಟೊಂದು ಮರಳು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ನಮ್ಮ ಕಡೆಯ ಯಾವ ಅಜ್ಜಿಯಾದರೂ ಅಲಮೇಲಮ್ಮನ ಹೆಸರು ಹೇಳುತ್ತಾಳೆ. ಅವಳು ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ. 1610ರಲ್ಲಿ ಮೈಸೂರಿನ ರಾಜ ಒಡೆಯರು ಆ ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ತನ್ನ ಒಡವೆಗಳಿಗಾಗಿ ಒಡೆಯರ ಆಳುಗಳು ಬೆನ್ನಟ್ಟಿ ಬಂದಾಗ ಅವಳು ಮಾಲಂಗಿಯ ಬಳಿ ಹೊಳೆಗೆ ಹಾರಿದಳೆಂದೂ, ಹಾರುವ ಮುನ್ನ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂದು ಶಪಿಸಿದಳೆಂದೂ ಕಥೆ. ಅರಮನೆಯ ದತ್ತು ಸ್ವೀಕಾರದ ಸುದ್ದಿ ಬಂದಾಗಲೆಲ್ಲ ಮೈಸೂರಿನ ಜಗಲಿಗಳಲ್ಲಿ ಈ ಮಾತು ಹೊಸದಾಗಿ ಚಿಗುರುತ್ತದೆ.

ನನಗೆ ಶಾಪಕ್ಕಿಂತ ಕುತೂಹಲ ಹುಟ್ಟಿಸುವುದು ಒಂದು ಅಣೆಕಟ್ಟು. ವಿಜಯನಗರದ ಕಾಲದ ಮಾಧವ ಮಂತ್ರಿಯ ಹೆಸರಿನ ಆ ಕಟ್ಟೆ ತಲಕಾಡಿನ ಮೇಲ್ಭಾಗದಲ್ಲಿದೆ. ಅದು ನೀರನ್ನು ತಡೆದು ನಾಲೆಗೆ ತಿರುಗಿಸಿದ್ದರಿಂದ ಕೆಳಗೆ ಹೊಳೆಯ ಪಾತ್ರ ಬರಿದಾಗಿ ಮರಳು ಬಯಲಾಯಿತು, ಮುಂಗಾರಿನ ನೈಋತ್ಯದ ಗಾಳಿ ಆ ಮರಳನ್ನು ಎತ್ತಿ ಊರಿನ ಮೇಲೆ ಸುರಿಯಿತು ಎಂದು ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಈ ವಾದದ ಪ್ರಕಾರ ಅಲಮೇಲಮ್ಮ ಹುಟ್ಟುವ ಮೊದಲೇ ಮರಳಿನ ಕೆಲಸ ಶುರುವಾಗಿತ್ತು. ಆಗಿಹೋದದ್ದಕ್ಕೆ ಜನ ಆಮೇಲೆ ಕಾರಣ ಹುಡುಕಿಕೊಂಡರು. ಬಿ.ಎಲ್. ರೈಸ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ, ಮರಳು ವರ್ಷಕ್ಕೆ 9–10 ಅಡಿ ಮುಂದೆ ಬರುತ್ತದೆ, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದಾರೆ ಎಂದು ಬರೆದರು. ಅದರ ಜೊತೆಗೇ ಅವರು ಇನ್ನೊಂದು ಮಾತನ್ನೂ ದಾಖಲಿಸಿದ್ದಾರೆ: ಊರಿನ ಜನಸಂಖ್ಯೆ ಮಾತ್ರ ಏರುತ್ತಲೇ ಇದೆ, ಏಕೆಂದರೆ ಅದೇ ಮಾಧವ ಮಂತ್ರಿ ನಾಲೆಯ ನೀರಿನಿಂದ ಸುತ್ತಲಿನ ಗದ್ದೆಗಳು ಸಮೃದ್ಧವಾಗಿವೆ. ಹೀಗೆ, ಊರನ್ನು ಹೂತ ಕಟ್ಟೆಯೇ ಊರಿಗೆ ಅನ್ನವನ್ನೂ ಹಾಕಿತು. ಮರಳು ಹೊಸಿಲಿಗೆ ಬಂದಾಗ ಮನೆಯ ಹಂಚು, ತೊಲೆ, ಬಾಗಿಲುಗಳನ್ನು ಕಳಚಿಕೊಂಡು ನಾಲ್ಕು ಮಾರು ಆಚೆ ಹೋಗಿ ಹೊಸ ಪಾಯ ತೋಡುವವನಿಗೆ ಗದ್ದೆಯನ್ನು ಬಿಟ್ಟು ದೇಶಾಂತರ ಹೋಗುವ ಯೋಚನೆ ಬರುವುದು ಹೇಗೆ? ದೇವರಿಗೆ ಮಾತ್ರ ಹಾಗೆ ಸರಿಯುವ ಅನುಕೂಲವಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನ ಅಡಿಯಲ್ಲಿವೆ ಎಂಬ ಪ್ರತೀತಿಯನ್ನು ರೈಸ್ ಅವರೇ ಬರೆದಿದ್ದಾರೆ.

ಬಯಲಾದ ಗುಡಿಗಳಿಗೆ ಹೋಗುವ ದಾರಿಯೂ ಮರಳೇ. ತಲೆಯ ಮೇಲೆ ತಗಡಿನ ಚಪ್ಪರವಿದೆ. ಕಾಲು ಮಾತ್ರ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಚಪ್ಪರದಿಂದ ಹೊರಗೆ ಕಾಲಿಟ್ಟವರು ಮಧ್ಯಾಹ್ನದ ಕಾವಿಗೆ ಮರದ ನೆರಳಿನಿಂದ ನೆರಳಿಗೆ ಓಡುವುದನ್ನು ನೋಡಬೇಕು; ಭರ್ಜರಿ ಮೈಕಟ್ಟಿನ ಯಜಮಾನರೂ ಆಗ ಎಳೆಗರುಗಳಂತೆ ನೆಗೆಯುತ್ತಾರೆ. ಪಾತಾಳೇಶ್ವರ, ಮರುಳೇಶ್ವರ, ಕೀರ್ತಿನಾರಾಯಣರೆಲ್ಲ ಹಳ್ಳದಲ್ಲಿದ್ದಾರೆ. ನಾವು ನಿಂತ ನೆಲಕ್ಕೆ ಗುಡಿಯ ಚಾವಣಿ ಸಮವಾಗಿರುವುದರಿಂದ, ಬೇರೆ ಕಡೆ ಹತ್ತಿ ಹೋಗಿ ನೋಡುವ ದೇವರನ್ನು ಇಲ್ಲಿ ಮೆಟ್ಟಿಲಿಳಿದು ನೋಡಬೇಕು. ಚೋಳರ ಮೇಲಿನ ಗೆಲುವಿಗಾಗಿ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನಿಗೆ, ಬೇಲೂರಿನ ಚೆನ್ನಕೇಶವನ ಓರಗೆಯವನಾಗಿದ್ದರೂ, ಆ ಪ್ರಸಿದ್ಧಿ ದಕ್ಕಲಿಲ್ಲ. ವೈದ್ಯೇಶ್ವರ ಮಾತ್ರ ಮರಳಿನ ಅಂಚಿನಲ್ಲಿ ತಲೆಯೆತ್ತಿಕೊಂಡೇ ಉಳಿದಿದ್ದಾನೆ.

ಕಾರ್ತಿಕದ ಸೋಮವಾರಕ್ಕೆ ನಕ್ಷತ್ರ, ಯೋಗಗಳು ಕೂಡಿಬಂದ ವರ್ಷ ಪಂಚಲಿಂಗ ದರ್ಶನ. ಆಗ ಈ ಸಣ್ಣ ಊರಿಗೆ ಇಡೀ ನಾಡೇ ಬರುತ್ತದೆ. 2006, 2009, 2013ರಲ್ಲಿ ಬಂತು. 2020ರಲ್ಲಿ ಕೊರೊನಾದಿಂದಾಗಿ ಜನರಿಗೆ ಮಿತಿ ಹಾಕಬೇಕಾಯಿತು. ನಡುವಿನ ವರ್ಷಗಳಲ್ಲಿ ಊರಿನ ವ್ಯಾಪಾರವನ್ನು ನಡೆಸುವವರು ನಮ್ಮಂಥ ಭಾನುವಾರದವರು. ನಾವು ಒಳ್ಳೆಯ ನೆಂಟರೇನಲ್ಲ. ಬಾಟಲಿಗಳನ್ನು ಮರಳಿನಲ್ಲಿ ಹೂತು ಬರುತ್ತೇವೆ. ಸುಳಿಯಿರುವ ಕಡೆ ಇಳಿಯಬೇಡಿ ಎಂದು ಬರೆದ ಫಲಕಕ್ಕೇ ಅಂಗಿ ತೂಗುಹಾಕಿ ನೀರಿಗಿಳಿಯುತ್ತೇವೆ. ಮೇಲೆ ಮರಳು, ನಾಲ್ಕು ಹೆಜ್ಜೆಯಾಚೆ ಮಡು. ಈಜು ಬಾರದವರು ಇಲ್ಲಿ ಮುಳುಗಿದ ಸುದ್ದಿ ಬೇಸಿಗೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ‘ಹೊಳೆ ನೋಡಕ್ಕೆ ಸಾದಾ ಕಾಣ್ತದೆ ಸಾರ್, ಹಂಗೆ ನಂಬಬಾರ್ದು’ ಎಂದು ತೆಪ್ಪದವರು ಹೇಳುತ್ತಾರೆ. ಕೇಳುವವರು ಕಡಿಮೆ.

ಆ ಮರಳು ಯಾರಿಗೆ ಏನಾಗಬೇಕು ಎಂಬುದೇ ಒಂದು ತಮಾಷೆ. ಉತ್ಖನನ ಮಾಡುವವರಿಗೆ ಅದನ್ನು ತೆಗೆಯಬೇಕು. ಅದು ಹಾರದಂತೆ ಸರ್ವೆ ಮರ ನೆಟ್ಟವರಿಗೆ ಅದು ಕದಲಬಾರದು. ಮೈಸೂರಿನಿಂದ ಬಂದವರಿಗೆ ಅದರ ಮೇಲೆ ಹೊರಳಾಡಿ ಫೋಟೊ ತೆಗೆಸಿಕೊಳ್ಳಬೇಕು. ಊರವರು ಮೂರಕ್ಕೂ ಹೂಂಗುಟ್ಟಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಅವರ ನಿಜವಾದ ಗದ್ದಲವನ್ನು ನೋಡಬೇಕಾದರೆ ಹತ್ತಿರದ ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆಗೆ, ಅಲ್ಲಿ ಸೇರುವ ದನಗಳ ಪರಿಷೆಗೆ ಹೋಗಬೇಕು. ಅಲ್ಲಿ ಅಲಮೇಲಮ್ಮನ ಶಾಪದ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಹಲ್ಲು ಹಿಡಿದು ನೋಡಿದ ಜೋಡಿ ಎತ್ತಿಗೆ ಎಷ್ಟು ಹೇಳುತ್ತಿದ್ದಾರೆ, ಈ ಸಲ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂಬ ಮಾತೇ ಹೆಚ್ಚು.