ನೋಡೋಕೆ ಹೆಂಡತಿ ಎಲ್ಲಿದ್ದಾಳೆ ಸ್ವಾಮೀ?

2023ರಲ್ಲಿ ಐಟಿ ಉದ್ಯಮದ ಹಿರಿಯರೊಬ್ಬರು, ದೇಶ ಕಟ್ಟೋಕೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಮುಖ್ಯಸ್ಥರು 90 ಅಂದರು. ಹರಾಜು ಕಟ್ಟೆಯಲ್ಲೂ ಕೂಗು ಇಷ್ಟು ಬೇಗ ಏರೋದಿಲ್ಲ. ಭಾನುವಾರ ಮನೇಲಿ ಕೂತು ಎಷ್ಟು ಹೊತ್ತು ಅಂತ ಹೆಂಡತಿ ಮುಖ ನೋಡ್ತೀರಿ ಅಂತಲೂ ಕೇಳಿದರು. ಕಥೆ ನಿಮಗೆ ಗೊತ್ತೇ ಇದೆ, ಮೀಮುಗಳೂ ಹಳಸಿದವು. ಆದರೆ ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಇಳಿದಿಲ್ಲ.

ಯಾಕಂದ್ರೆ ನಮ್ಮ ಅಕ್ಕನ ಮಗ ಬೆಂಗಳೂರಿನ ಪಿಜಿಯಲ್ಲಿ ನೋಡುವುದು ಪ್ಲೈವುಡ್ ಗೋಡೆಯನ್ನು. ಒಂದು ರೂಮಿಗೆ ಮೂರು ಮಂಚ. ಗೋಡೆಯ ಆಚೆ ಯಾರೋ ಕೆಮ್ಮುತ್ತಾರೆ. ಎರಡು ವರ್ಷದಿಂದ ಕೆಮ್ಮು ಪರಿಚಯ, ಮುಖ ಪರಿಚಯವಿಲ್ಲ.

ಬಾಡಿಗೆ ಮನೆ ಹುಡುಕಿದರೆ ಓನರ್ ಕೇಳುವ ಮೊದಲ ಪ್ರಶ್ನೆ, 'ಮದುವೆ ಆಗಿದೆಯಾ?' ಹೆಣ್ಣು ನೋಡಲು ಹೋದರೆ ಅವರ ಮೊದಲ ಪ್ರಶ್ನೆ, 'ಮನೆ ಇದೆಯಾ?' ಈ ಇಬ್ಬರು ಯಜಮಾನರನ್ನು ಒಂದೇ ಸೋಫಾದ ಮೇಲೆ ಕೂರಿಸಿ ನೀವೇ ಮಾತಾಡಿಕೊಳ್ಳಿ ಅಂತ ಹೇಳುವ ಆಸೆ ನನಗೆ.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ. ಎರಡು ತಿಂಗಳು ಸಾಕು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ. ಬಟ್ಟೆ ಅಂಗಡಿಯ ಗೊಂಬೆಗೆ ಉಡಿಸಿದ ಸೀರೆ ಥರ, ನೋಡಿ ಸಂತೋಷಪಡಬೇಕು ಅಷ್ಟೇ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆ ಪೇಂಟು ಬಳಿದದ್ದನ್ನು ಕಂಡವರು ಯಾರಾದರೂ ಇದ್ದರೆ ತಿಳಿಸಿ. ನಾನೂ ಮೂರು ಮನೆ ಬದಲಿಸಿದವನು. ಮೂರರಲ್ಲೂ ಹಿಂದಿನವರ ಮಗು ಬರೆದ ಅ ಆ ಇ ಈ ಗೋಡೆಯ ಮೇಲೆ ಹಾಗೇ ಇತ್ತು.

ಇರಲಿ, 90ಕ್ಕೆ ಬರೋಣ. ವಾರಕ್ಕೆ 168 ಗಂಟೆ. ಕೆಲಸಕ್ಕೆ 90, ನಿದ್ದೆಗೆ 49. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೆ ದಿನಕ್ಕೆ ಮೂರರಂತೆ 21. ಉಳಿದದ್ದು ಎಂಟು. ಸ್ನಾನ, ಊಟ, ಬಟ್ಟೆ ಒಗೆಯೋದು, ಅಮ್ಮನಿಗೆ ಫೋನು, ಪ್ರೀತಿ, ಮದುವೆ, ಎಲ್ಲ ಆ ಎಂಟರಲ್ಲಿ. ಹೆಂಡತಿಯೂ ಕೆಲಸಕ್ಕೆ ಹೋಗುವವಳಾದರೆ ಅವಳದೂ 90. ಮೇಲೆ ಅಡುಗೆ, ಪಾತ್ರೆ. ಅದನ್ನು ಯಾವ ಹಿರಿಯರೂ ಲೆಕ್ಕ ಹಿಡಿದಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡೋದು ಆಧಾರ್ ಕಾರ್ಡಿನಲ್ಲಿ. ಅದರಲ್ಲಿ ಗುರುತು ಹತ್ತೋದು ಕಷ್ಟ ಬಿಡಿ.

1948ರ ಕಾರ್ಖಾನೆ ಕಾಯ್ದೆಯಲ್ಲೇ ವಾರಕ್ಕೆ 48 ಗಂಟೆ ಸಾಕು ಅಂತ ಬರೆದಿದ್ದರು. ಆಗ ದೇಶ ಕಟ್ಟುವುದು ಗೊತ್ತಿರಲಿಲ್ಲವೇನೋ ಪಾಪ. ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆವರೆಗೆ ದುಡಿಸುವ ಪ್ರಸ್ತಾವ ಮುಂದಿಟ್ಟು ಆ ತಪ್ಪು ತಿದ್ದಲು ಹೊರಟಿತು.

ನಗೋದು ಸಾಕು. ಐಟಿ ಫ್ರೆಶರ್ ಸಂಬಳ ಹತ್ತು ವರ್ಷದ ಹಿಂದೆಯೂ ವರ್ಷಕ್ಕೆ ಮೂರು, ಮೂರೂವರೆ ಲಕ್ಷ. ಇವತ್ತೂ ಬಹುಪಾಲು ಅಷ್ಟೇ. ದೊಡ್ಡ ಐಟಿ ಕಂಪನಿಯೊಂದು 2022ರಲ್ಲಿ ಆಫರ್ ಲೆಟರ್ ಕೊಟ್ಟು, ಎರಡು ವರ್ಷ ಕಾಯಿಸಿ, ಒಳಗೆ ಕರೆದು, 2025ರ ಫೆಬ್ರವರಿಯಲ್ಲಿ ಪರೀಕ್ಷೆ ಪಾಸಾಗಲಿಲ್ಲ ಅಂತ ಮುನ್ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಮೈಸೂರಿನ ಕ್ಯಾಂಪಸ್ಸಿನಿಂದ ಕಳಿಸಿದ್ದನ್ನು ನೋಡಿದೆವಲ್ಲ. ನಮ್ಮ ಹುಡುಗನೂ ಹಾಗೇ ಬೇರೆಲ್ಲೋ ಹದಿನಾಲ್ಕು ತಿಂಗಳು ಕಾದವನು. ಭಾವ ಆ ಲೆಟರನ್ನು ಲ್ಯಾಮಿನೇಷನ್ ಮಾಡಿಸಿ ದೇವರ ಕೋಣೆಯಲ್ಲಿಟ್ಟಿದ್ದರು. ಕೊನೆಗೆ ಬಂದದ್ದು ಎರಡು ಸಾಲಿನ ಮೇಲ್. ಕಾಯುತ್ತಾ ಕೂತ ಆ ಗಂಟೆಗಳನ್ನು ಯಾರ ಖಾತೆಗೆ ಹಾಕ್ತೀರಿ? ಇವರಿಗೆ ಸೋಮಾರಿ ಅನ್ನೋಕೆ ಬಾಯಾದರೂ ಹೇಗೆ ಬರುತ್ತೆ?

ಮೊನ್ನೆ ಭಾನುವಾರ ಫೋನ್ ಮಾಡಿದೆ. ಸೂಟ್‌ಕೇಸ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದನಂತೆ. ಇವತ್ತೂ ಕೆಲಸವೇನೋ ಅಂದೆ.

"ಇಲ್ಲ ಮಾವ, ಅಮ್ಮ ಮ್ಯಾಟ್ರಿಮೋನಿ ಪ್ರೊಫೈಲ್ ತುಂಬು ಅಂದ್ರು. ಹವ್ಯಾಸ ಏನು ಅಂತ ಕೇಳ್ತಿದೆ."

"ನಿದ್ದೆ ಅಂತ ಹಾಕು."

"ಪ್ರೊಫೈಲಲ್ಲಿ ಸುಳ್ಳು ಹಾಕಬಾರ್ದು ಮಾವ" ಅಂದ.