ಸತ್ಯಾಂಶ: ರ‍್ಯಾಂಕ್ ಇಲ್ಲದ ವಿ.ವಿ. ಡಿಗ್ರಿಗೆ ಬೆಲೆಯಿಲ್ಲವೇ?

ಪಿಯುಸಿ ಫಲಿತಾಂಶದ ಹೊತ್ತಿಗೆ ತುಮಕೂರಿನ ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡುವ ಮಾತು: ‘ಎನ್‌ಐಆರ್‌ಎಫ್ ಪಟ್ಟಿಯಲ್ಲಿಲ್ಲದ ವಿ.ವಿ. ಡಿಗ್ರಿ ಲೆಕ್ಕಕ್ಕಿಲ್ಲ, ಬೆಂಗಳೂರಿಗೇ ಸೇರಿಸಿ.’

ಎನ್‌ಐಆರ್‌ಎಫ್ ಎಂದರೆ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸುವ ಕಾಲೇಜು, ವಿ.ವಿ.ಗಳ ರ‍್ಯಾಂಕ್ ಪಟ್ಟಿ. ಗುಂಪುಗಳ ಆ ಮಾತು ತಪ್ಪು. ಪದವಿ ಕೊಡುವ ಅಧಿಕಾರ ಬರುವುದು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್‌ನಿಂದ. ತುಮಕೂರು ವಿ.ವಿ. 2004ರಲ್ಲಿ ಶುರುವಾದ ರಾಜ್ಯ ವಿಶ್ವವಿದ್ಯಾಲಯ; ಆ ಅಧಿಕಾರ ಅದಕ್ಕಿದೆ, ಲೆಕ್ಕ ಅಲ್ಲಿಗೆ ಮುಗಿಯಿತು.

ಗುಣಮಟ್ಟದ ಮಾತು ಬೇರೆ. ಎನ್‌ಐಆರ್‌ಎಫ್ ವಿ.ವಿ. ವಿಭಾಗದಲ್ಲಿ ಸಂಶೋಧನೆಗೇ ನೂರರಲ್ಲಿ ಸುಮಾರು 30 ಅಂಕ, ಬಿ.ಎ. ತರಗತಿಯ ಪಾಠಕ್ಕೂ ಅದಕ್ಕೂ ನೇರ ನಂಟಿಲ್ಲ. ಇನ್ನು 10 ಅಂಕ ‘ಪರ್ಸೆಪ್ಷನ್’ಗೆ, ಅಂದರೆ ಸಂಸ್ಥೆಯ ಬಗ್ಗೆ ಅಧ್ಯಾಪಕರು, ಉದ್ಯೋಗದಾತರ ಅಭಿಪ್ರಾಯಕ್ಕೆ; ಹೆಸರಿದ್ದವರಿಗೇ ಮತ್ತೆ ಹೆಸರು. ಅರ್ಜಿ ಹಾಕದ ಸಂಸ್ಥೆಯಂತೂ ಪಟ್ಟಿಗೇ ಬರುವುದಿಲ್ಲ.

ಸಮಾಜಶಾಸ್ತ್ರ ಮೊದಲು ಕೇಳುವುದು, ಒಳಗೆ ಬಂದವರು ಯಾರು ಎಂದು. 95% ತೆಗೆದವರನ್ನೇ ಆರಿಸಿಕೊಂಡ ಕಾಲೇಜಿಗೆ ಒಳ್ಳೆಯ ಫಲಿತಾಂಶ ಬಂದರೆ ಅದರಲ್ಲಿ ಪಾಠದ ಪಾಲೆಷ್ಟು, ಮನೆಯ ಪಾಲೆಷ್ಟು? ಪಾವಗಡದ ಕಡೆಯಿಂದ ಬಸ್ಸಿನಲ್ಲಿ ಬರುವ, ಮನೆಯಲ್ಲಿ ಮೊದಲ ಬಾರಿ ಡಿಗ್ರಿ ಓದುವ ಮಕ್ಕಳನ್ನು ದಾಟಿಸುವುದು ಬೇರೆಯೇ ಕೆಲಸ.

‘90% ಪ್ಲೇಸ್‌ಮೆಂಟ್’ ಎಂಬುದನ್ನೂ ಹಾಗೇ ನುಂಗಬೇಡಿ. ತರಗತಿಯಲ್ಲಿ 120 ಜನ, ಹೆಸರು ನೋಂದಾಯಿಸಿದವರು 60, ಕೆಲಸ ಸಿಕ್ಕಿದ್ದು 54 ಎಂದುಕೊಳ್ಳಿ. ಜಾಹೀರಾತಿನಲ್ಲಿ 90%, ನಿಜದಲ್ಲಿ 45%. ಅಡ್ಮಿಷನ್‌ಗೆ ಹೋದಾಗ ಈ ಮೂರೂ ಸಂಖ್ಯೆ ಕೇಳಿ. ಜೊತೆಗೆ ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂಬುದನ್ನೂ.