ಡ್ರಮ್ ಬಾರಿಸುವ ಶಾರ್ಕಿಗೆ ಒಳಗೆ ಪ್ರವೇಶವಿಲ್ಲ

ಸಮುದ್ರದಲ್ಲೇ ಹುಟ್ಟಿ ಬೆಳೆದ ಪ್ರಾಣಿಯನ್ನು ಸಮುದ್ರದೊಳಗಿನ ಹೋಟೆಲಿನಿಂದ ಆಚೆ ದಬ್ಬಬೇಕಾದರೆ ಸಾಧಾರಣ ತಲೆ ಸಾಲದು. ಅಮೆರಿಕದ ಎಬಿಸಿ ಚಾನೆಲ್ಲಿಗೆ ಅಂಥ ತಲೆಗಳು ಸಿಕ್ಕಿದ್ದವು. 1976ರ ಸೆಪ್ಟೆಂಬರ್ 11, ಶನಿವಾರ ಬೆಳಿಗ್ಗೆ, ಅಲ್ಲಿನ ಮಕ್ಕಳ ಮುಂದೆ 'ಜಾಬರ್‌ಜಾ' ಅನ್ನೋ ಕಾರ್ಟೂನ್ ಬಂತು.

ಕಥೆ ನಡೆಯುವುದು 2076ರಲ್ಲಿ. ಜನ ಸಮುದ್ರದ ತಳದಲ್ಲಿ ಊರು ಕಟ್ಟಿಕೊಂಡಿದ್ದಾರೆ. ಅಲ್ಲೊಂದು ರಾಕ್ ಬ್ಯಾಂಡ್, ಹೆಸರು ನೆಪ್ಚೂನ್ಸ್. ಬಿಫ್, ಶೆಲ್ಲಿ, ಬಬಲ್ಸ್, ಕ್ಲ್ಯಾಮ್‌ಹೆಡ್ ಅಂತ ನಾಲ್ಕು ಜನ ಹುಡುಗ ಹುಡುಗಿಯರು. ಐದನೆಯವನು ಡ್ರಮ್ಮರ್. ಅವನು ದೊಡ್ಡ ಬಿಳಿ ಶಾರ್ಕ್. ಮನುಷ್ಯರ ಹಾಗೆ ಮಾತಾಡುತ್ತಾನೆ, ನೀರಿಲ್ಲದ ಕಡೆಯಲ್ಲೂ ಓಡಾಡುತ್ತಾನೆ, ಚಿಕ್ಕ ಸದ್ದಾದರೂ ಯಾರದಾದರೂ ತೋಳಿಗೆ ಹಾರಿ ಕೂರುತ್ತಾನೆ. ಹಾಡು ಮುಗಿದ ಮೇಲೆ ಐವರೂ ಸೇರಿ ಲೋಕ ಮುಳುಗಿಸಲು ಹೊರಟ ಖದೀಮರನ್ನು ಹಿಡಿಯುತ್ತಾರೆ. ಲೋಕ ಆಗಲೇ ಮುಳುಗಿದೆಯಲ್ಲ ಅಂತ ಕೇಳಬೇಡಿ. ಮಕ್ಕಳು ಕೇಳಲಿಲ್ಲ.

ಇಷ್ಟು ಮಾಡಿದ ಶಾರ್ಕಿಗೆ ಊರು ಕೊಟ್ಟ ಬಹುಮಾನ ಏನು? ಬಾಗಿಲಲ್ಲಿ ನಿಂತ ಒಂದು ಯಂತ್ರ. ಅದರ ಕೆಲಸ ಶಾರ್ಕ್ ಕಂಡರೆ ಎತ್ತಿ ಹೊರಗೆ ಎಸೆಯುವುದು. ಬ್ಯಾಂಡಿನ ಉಳಿದ ನಾಲ್ವರು ಒಳಗೆ ಹೋಗಬಹುದು. ಡ್ರಮ್ಮು ಹೋಗಬಹುದು. ಡ್ರಮ್ಮರ್ ಹೋಗುವ ಹಾಗಿಲ್ಲ. ನಿನ್ನೆ ಊರು ಉಳಿಸಿದ್ದು ಇವನೇ ಅಂತ ಯಂತ್ರಕ್ಕೆ ಹೇಳಿ ಪ್ರಯೋಜನವಿಲ್ಲ, ಅದರ ಹತ್ತಿರ ಸುತ್ತೋಲೆ ಇದೆ. ಪಾಪ, ಅವನು ವಾರವಾರವೂ "ಮರ್ಯಾದೆನೇ ಇಲ್ಲ" ಅಂತ ಗೋಳಾಡುತ್ತಾನೆ. ಆ ಗೋಳೂ ಅವನದಲ್ಲ. ರಾಡ್ನಿ ಡೇಂಜರ್‌ಫೀಲ್ಡ್ ಅನ್ನೋ ಹಾಸ್ಯಗಾರನ ಮಾತು ಅದು. ದನಿ ಇನ್ನೊಬ್ಬನದು: 1952ರಲ್ಲೇ ತೀರಿಕೊಂಡ ಹಾಸ್ಯನಟ ಕರ್ಲಿ ಹೋವರ್ಡ್‌ನ ದನಿಯನ್ನು ಫ್ರಾಂಕ್ ವೆಲ್ಕರ್ ಅನುಕರಿಸಿ ಮಾತಾಡಿದರು. ಕಳ್ಳರನ್ನು ಹಿಡಿಯುವ ಪತ್ತೇದಾರ ತಾನೇ ಅಡಿಯಿಂದ ಮುಡಿವರೆಗೆ ಕದ್ದ ಮಾಲು.

ಇಂಥ ಕಥೆ ನೋಡಿದಾಗ ಬರೆದವರಿಗೆ ಏನು ಕಲ್ಪನೆ ಅಂತ ಜನ ಬಾಯಿ ಬಿಡುತ್ತಾರೆ. ಕಲ್ಪನೆ ಎಲ್ಲಿ ಬಂತು? ಇದು ಮೀಟಿಂಗಿನ ನಡಾವಳಿ. ಹಿಂದಿನ ವರ್ಷ ಶಾರ್ಕ್ ಮನುಷ್ಯರನ್ನು ತಿನ್ನುವ 'ಜಾಸ್' ಸಿನಿಮಾ ದುಡ್ಡು ಬಾಚಿತ್ತು, ಆದ್ದರಿಂದ ಶಾರ್ಕ್. ಏಳೆಂಟು ವರ್ಷದಿಂದ ಕಾರ್ಟೂನ್ ಬ್ಯಾಂಡುಗಳು ಓಡುತ್ತಿದ್ದವು, ಆದ್ದರಿಂದ ಡ್ರಮ್. ಹೆದರುಪುಕ್ಕಲ ಪ್ರಾಣಿ ಮತ್ತು ನಾಲ್ಕು ಹರೆಯದವರು ಸೇರಿ ಪತ್ತೇದಾರಿ ಮಾಡಿದರೆ ನಷ್ಟವಿಲ್ಲ ಅಂತ ಹಳೆಯ ಲೆಕ್ಕದ ಪುಸ್ತಕ ಹೇಳುತ್ತಿತ್ತು. ಮೂರನ್ನೂ ಕೂಡಿ ಸಹಿ ಹಾಕಿದರು.

ಆ ಲೆಕ್ಕದ ಪುಸ್ತಕ ಶುರುವಾದದ್ದು 1968ರಲ್ಲಿ. ಆ ವರ್ಷ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ವಿಯೆಟ್ನಾಂ ಯುದ್ಧ ಬೇರೆ ನಡೆದಿತ್ತು. ದೇಶದಲ್ಲಿ ಹಿಂಸೆ ಜಾಸ್ತಿಯಾಯಿತು, ಏನಾದರೂ ಮಾಡಬೇಕು ಅಂತ ಎಲ್ಲರಿಗೂ ಅನಿಸಿತು. ಬಂದೂಕಿನ ಅಂಗಡಿ ಮುಚ್ಚಿಸುವುದು ಕಷ್ಟ, ಯುದ್ಧ ನಿಲ್ಲಿಸುವುದು ಇನ್ನೂ ಕಷ್ಟ. ಸುಲಭಕ್ಕೆ ಸಿಕ್ಕಿದ್ದು ಶನಿವಾರ ಬೆಳಗಿನ ಕಾರ್ಟೂನ್. ಅಲ್ಲಿ ಸೂಪರ್‌ಹೀರೋಗಳು ಗುದ್ದಾಡುತ್ತಿದ್ದರು. ಅವರನ್ನು ಮನೆಗೆ ಕಳಿಸಿದರು. ತಂದೆತಾಯಿಗಳ ಕಾಳಜಿ ನಿಜವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಕಾಳಜಿ ಕಮಿಟಿಯೊಳಗೆ ಹೋಗಿ ಹೊರಗೆ ಬರುವಾಗ ಅದಕ್ಕೆ ಬಾಲ ಮೂಡಿತ್ತು, ಅಷ್ಟೇ.

ಸಿಬಿಎಸ್ ಚಾನೆಲ್ಲಿನ ಫ್ರೆಡ್ ಸಿಲ್ವರ್‌ಮನ್‌ಗೆ ಗುದ್ದಾಟವಿಲ್ಲದ ಕಾರ್ಯಕ್ರಮ ಬೇಕಿತ್ತು. ಅದೇ ಹೊತ್ತಿಗೆ 'ಆರ್ಚಿ' ಕಾರ್ಟೂನಿನ ಬ್ಯಾಂಡ್ ಭರ್ಜರಿಯಾಗಿ ಓಡುತ್ತಿತ್ತು. 1969ರಲ್ಲಿ ಅದರ 'ಶುಗರ್ ಶುಗರ್' ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಅಂಥ ಬ್ಯಾಂಡೇ ಇರಲಿಲ್ಲ. ಸ್ಟುಡಿಯೋದಲ್ಲಿ ಬಾಡಿಗೆ ಗಾಯಕರು ಹಾಡಿದ್ದಕ್ಕೆ ಬಿಡಿಸಿದ ಬೊಂಬೆಗಳು ಬಾಯಿ ಆಡಿಸಿದವು, ದೇಶ ಕುಣಿಯಿತು. ಸರಿ, ಹಾನಾ-ಬಾರ್ಬೆರಾ ಸ್ಟುಡಿಯೋದಲ್ಲಿ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಕೂತು 'ಮಿಸ್ಟರೀಸ್ ಫೈವ್' ಅಂತ ಒಂದು ಬ್ಯಾಂಡ್ ಬರೆದರು. ಹಾಡಿನ ಮಧ್ಯೆ ದೆವ್ವಗಳನ್ನು ಹಿಡಿಯುವುದು ಅವರ ಉಪಕಸುಬು. ಜೊತೆಗೆ ಬೋಂಗೋ ಬಾರಿಸುವ ಒಂದು ನಾಯಿ. ಚಾನೆಲ್ಲಿನ ಮೇಲಿನವರು ಚಿತ್ರ ನೋಡಿ ಮಕ್ಕಳು ಹೆದರುತ್ತಾರೆ ಅಂದರು. ಕೊನೆಗೆ ಬ್ಯಾಂಡ್ ಹೋಯಿತು, ದೆವ್ವ ಉಳಿಯಿತು, ನಾಯಿ ಹೀರೋ ಆಯಿತು. ವಿಮಾನದಲ್ಲಿ ಕೇಳಿದ ಫ್ರಾಂಕ್ ಸಿನಾತ್ರಾ ಹಾಡಿನ ಕೊನೆಯ ಡೂಬಿಡೂಬಿಯಿಂದ ನಾಯಿಗೆ ಹೆಸರು ಹೊಳೆಯಿತು ಅಂತ ಸಿಲ್ವರ್‌ಮನ್ ಹೇಳಿಕೊಂಡರು. ಅದೇ ಸ್ಕೂಬಿ-ಡೂ.

ಹಿಂಸೆ ಬೇಡ ಅಂದವರಿಗೆ ಪ್ರತಿ ವಾರ ಒಂದು ದೆವ್ವ ಕೊಟ್ಟು ಸಮಾಧಾನ ಮಾಡಿದ್ದು ದೊಡ್ಡ ಜಾಣತನ. ಆದರೆ ದೆವ್ವಕ್ಕೂ ಷರತ್ತಿತ್ತು. ಕೊನೆಯಲ್ಲಿ ಅದು ಮುಖವಾಡ ಹಾಕಿದ ಮನುಷ್ಯನೇ ಆಗಿರಬೇಕು. ಮುಖವಾಡ ಕಳಚಿದರೆ ಎಷ್ಟೋ ಸಲ ಸಿಗುತ್ತಿದ್ದದ್ದು ಯಾರದೋ ಜಾಗ ಹೊಡೆಯಲು, ಆಸ್ತಿ ಲಪಟಾಯಿಸಲು ಹೊರಟ ಒಬ್ಬ ಗೌರವಸ್ಥ. ಇಡೀ ಕಾರ್ಟೂನ್ ಉದ್ಯಮ ಮಕ್ಕಳಿಗೆ ಹೇಳಿದ ಅಪ್ಪಟ ಸತ್ಯ ಇದೊಂದೇ ಇರಬೇಕು. ಖಾಲಿ ಸೈಟಿನಲ್ಲಿ ದೆವ್ವ ಓಡಾಡುತ್ತೆ ಅಂದರೆ ಮೊದಲು ಪಹಣಿ ನೋಡಬೇಕು ಅಂತ ಬೆಂಗಳೂರಿನವರಿಗೆ ಕಾರ್ಟೂನ್ ನೋಡದೆಯೂ ಗೊತ್ತು.

ಆಮೇಲೆ ಅಚ್ಚು ಒಂದೇ, ಇಡ್ಲಿ ಬೇರೆ ಬೇರೆ. 1970ರಲ್ಲಿ 'ಜೋಸಿ ಅಂಡ್ ದಿ ಪುಸಿಕ್ಯಾಟ್ಸ್' ಬಂತು: ಬೆಕ್ಕಿನ ಕಿವಿ ಇಟ್ಟುಕೊಂಡು ಹಾಡುವ ಮೂವರು ಹುಡುಗಿಯರು, ಜೊತೆಗೆ ಉಗುರಿನಲ್ಲಿ ಬೀಗ ತೆಗೆಯುವ ಬೆಕ್ಕು. ಹಾಡಲು ನಿಜವಾದ ಗಾಯಕಿಯರನ್ನು ಹುಡುಕಿದರು. ಅವರಲ್ಲಿ ಒಬ್ಬರು ಪ್ಯಾಟ್ರಿಸ್ ಹಾಲೋವೇ, ಕಪ್ಪು ಹೆಣ್ಣುಮಗಳು. ಆಗ ಸ್ಟುಡಿಯೋಗೆ ಚಿಂತೆ ಹತ್ತಿತು. ಮೂವರೂ ಬಿಳಿಯರೇ ಇರಲಿ, ಆಕೆಯನ್ನು ಬದಲಿಸಿ ಅಂದರು. ಸಂಗೀತ ನೋಡಿಕೊಳ್ಳುತ್ತಿದ್ದ ಡ್ಯಾನಿ ಜಾನ್ಸನ್ ಒಪ್ಪಲಿಲ್ಲ, ಆಕೆ ಇಲ್ಲದಿದ್ದರೆ ತಾನೂ ಇಲ್ಲ ಅಂದರು. ಕೆಲವು ವಾರ ಜಗ್ಗಾಡಿ ಸ್ಟುಡಿಯೋ ಮಣಿಯಿತು, ವ್ಯಾಲರಿ ಪಾತ್ರ ಕಪ್ಪಾಗಿಯೇ ಪರದೆಗೆ ಬಂತು. ಬೆಕ್ಕು ಪತ್ತೇದಾರಿ ಮಾಡಿದರೆ ಮಕ್ಕಳು ನಂಬುತ್ತಾರೆ, ಕಪ್ಪು ಹುಡುಗಿ ಹಾಡಿದರೆ ನಂಬುವುದಿಲ್ಲ ಅಂತ ದೊಡ್ಡವರು ಗಂಭೀರವಾಗಿ ಕೂತು ಯೋಚನೆ ಮಾಡಿದ್ದರು. ಶಾರ್ಕ್ ಎಸೆಯುವ ಯಂತ್ರಕ್ಕೆ ಮಾದರಿ ಹುಡುಕಲು ಅವರು 2076ಕ್ಕೆ ಹೋಗಬೇಕಾಗಿರಲಿಲ್ಲ.

ನಗುವ ಮೊದಲು ನಮ್ಮ ಮನೆಯದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ಮಾಡುವ ಹಾಗಿರಲಿಲ್ಲ. ಕಾನೂನು ಇರಲಿಲ್ಲ, ಕಟ್ಟಳೆ ಇತ್ತು. 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದಾಗ ಇಂಗ್ಲಿಷ್ ಕಾರ್ಟೂನಿನ ಡೋರಾ ಕನ್ನಡ ಮಾತಾಡಿದಳು, ಅವಳ ಜೊತೆಗಿದ್ದ ಕೋತಿಯೂ ಮಾತಾಡಿತು. ಯಾರ ಅಭಿಮಾನಕ್ಕೂ ಧಕ್ಕೆಯಾಗಲಿಲ್ಲ. 2012ರಲ್ಲಿ ಆಮಿರ್ ಖಾನ್ ತಮ್ಮ ಟಿವಿ ಕಾರ್ಯಕ್ರಮ 'ಸತ್ಯಮೇವ ಜಯತೇ'ಯನ್ನು ಕನ್ನಡಕ್ಕೆ ಡಬ್ ಮಾಡಿ ತರಲು ಹೊರಟಾಗ ಮಾತ್ರ ಕನ್ನಡ ಅಪಾಯಕ್ಕೆ ಸಿಕ್ಕಿತು. ಡಬ್ಬಿಂಗ್ ತಡೆದದ್ದಕ್ಕೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಿತ್ರರಂಗದ ಸಂಘಟನೆಗಳಿಗೆ ದಂಡ ಹಾಕಬೇಕಾಯಿತು. ಅಲ್ಲಿಯವರೆಗೆ ಕೋತಿಗೆ ಇದ್ದ ಅನುಮತಿ ಮನುಷ್ಯರಿಗೆ ಇರಲಿಲ್ಲ.

ಮತ್ತೆ 1976. ಅದೇ ಸ್ಟುಡಿಯೋ ಅದೇ ವರ್ಷ ಸಿಬಿಎಸ್‌ಗೆ 'ಕ್ಲೂ ಕ್ಲಬ್' ಮಾರಿತು: ಹರೆಯದ ಪತ್ತೇದಾರರು, ಎರಡು ನಾಯಿ. ಎಬಿಸಿಗೆ ಶಾರ್ಕ್ ಮಾರಿತು. ಹಳೆಯ ಸ್ಕೂಬಿಯೂ ಆ ಹೊತ್ತಿಗೆ ಎಬಿಸಿಯಲ್ಲೇ ಬೀಡು ಬಿಟ್ಟಿತ್ತು. ಹಿಂದಿನ ವರ್ಷವೇ ಸಿಲ್ವರ್‌ಮನ್ ಕೂಡ ಸಿಬಿಎಸ್ ಬಿಟ್ಟು ಅಲ್ಲಿಗೇ ಬಂದಿದ್ದರು. ಪೈಪೋಟಿ ಅಂದರೆ ಇದು: ಮಗು ಯಾವ ಗುಂಡಿ ಒತ್ತಿದರೂ ಹೆದರುಪುಕ್ಕಲ ಪ್ರಾಣಿಯೇ ಸಿಗಬೇಕು.

ಇವೆಲ್ಲದರ ಹಿಂದೆ ಜನ ನಗುವ ಸದ್ದು ಬೇರೆ. ನಾಟಕಕ್ಕೆ ಪ್ರೇಕ್ಷಕರು ಬರುತ್ತಾರೆ, ನಗುತ್ತಾರೆ, ಒಪ್ಪೋಣ. ಕಾಗದದ ಮೇಲೆ ಶಾರ್ಕ್ ಬಿಡಿಸುವಾಗ ಮೇಜಿನ ಸುತ್ತ ಕೂತು ನಕ್ಕವರು ಯಾರು? ಮೊದಲೇ ರೆಕಾರ್ಡ್ ಮಾಡಿಟ್ಟ ಡಬ್ಬದ ನಗುವನ್ನು ಸ್ಟುಡಿಯೋ ತಾನೇ ಜೋಡಿಸಿಕೊಂಡಿತ್ತು. ಎಲ್ಲಿ ನಗಬೇಕು ಅಂತ ಮಕ್ಕಳಿಗೆ ಗೊತ್ತಾಗದೆ ಹೋದರೆ? ಮಕ್ಕಳ ವಿಷಯದಲ್ಲಿ ಅಷ್ಟು ದೊಡ್ಡ ಅಪಾಯಕ್ಕೆ ಯಾವ ಕಮಿಟಿ ಒಪ್ಪೀತು?

ಶಾರ್ಕ್ 16 ಕಂತಿಗೆ ಮುಗಿದ. ಅಷ್ಟರಲ್ಲಿ ಎಬಿಸಿಯಲ್ಲೇ ಮೂವರು ಹೆಣ್ಣು ಪತ್ತೇದಾರರ 'ಚಾರ್ಲೀಸ್ ಏಂಜಲ್ಸ್' ಗೆದ್ದಿತ್ತು. ಮತ್ತೆ ಮೀಟಿಂಗ್ ಸೇರಿತು. 1977ರಲ್ಲಿ ಮೂವರು ಪತ್ತೇದಾರ ಹುಡುಗಿಯರು ಬಂದರು. ಜೊತೆಗೆ ಪ್ರಾಣಿಯ ಜಾಗದಲ್ಲಿ ಮೈತುಂಬ ಕೂದಲಿದ್ದ, ಮಂಜುಗಡ್ಡೆಯಿಂದ ಎದ್ದು ಬಂದ ಗುಹಾಮಾನವ, ಕೈಯಲ್ಲಿ ದೊಣ್ಣೆ. ಗುದ್ದಾಟ ಬೇಡ ಅಂತ ಒಂಬತ್ತು ವರ್ಷದ ಹಿಂದೆ ಸೂಪರ್‌ಹೀರೋಗಳನ್ನು ಮನೆಗೆ ಕಳಿಸಿದ್ದು ನೆನಪಿದೆಯಲ್ವಾ? ಯಾರಾದರೂ ಕೇಳಿದರೆ ಉತ್ತರ ರೆಡಿ ಇತ್ತು: ದೊಣ್ಣೆ ಇರುವುದು ಹಾರಾಡಲಿಕ್ಕೆ.